ಅಜ್ಜನ ಮೂಗಿನ ಬನ್ನು

ಇಂಗೆಲಾ ಓಸ್ಲುಂಡ್ ಮೂವತ್ತೊಂದು ವರ್ಷ ಜನರ ಫೋನ್ ನಂಬರು ಹೇಳಿಯೇ ಹೊಟ್ಟೆ ಹೊರೆದವಳು. ಸೊಲೆಫ್ತೆಯೊ ಊರಿನ ನದಿ ದಂಡೆಯಲ್ಲಿ ಒಂದು ಇಟ್ಟಿಗೆ ಕಟ್ಟಡವಿತ್ತು. ಅದರ ಎರಡನೇ ಮಹಡಿಯಲ್ಲಿ ನಲವತ್ತು ಹೆಂಗಸರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿರುತ್ತಿದ್ದರು. ದೇಶದ ಯಾವ ಮೂಲೆಯಿಂದಲಾದರೂ ಕರೆ ಬಂದು, "ಲೂಲಿಯೊದಲ್ಲಿ ಚಿಮಣಿ ಗುಡಿಸೋನು ಒಬ್ಬ ಇದಾನಲ್ಲ, ಸ್ವಲ್ಪ ಕುಂಟ್ತಾನೆ" ಅಂದರೆ ಸಾಕು, ಹುಡುಕಿ ನಂಬರು ಕೊಡಬೇಕು, ಕೇಳಿದರೆ ಮನೆ ವಿಳಾಸವನ್ನೂ ಕೊಡಬೇಕು. ಕೊಡಬಾರದ ನಂಬರುಗಳೂ ಇದ್ದವು. ಆ ಹೆಸರು ಒತ್ತಿದರೆ ಪರದೆಯ ಮೇಲೆ ನಂಬರಿನ ಪಕ್ಕದಲ್ಲಿ ಗುಪ್ತ ಎಂಬ ಗುರುತು. ಅಂಥವರನ್ನು ಹುಡುಕುವವರ ನಾಟಕ ಒಂದೆರಡಲ್ಲ. ನಾನು ಅವಳ ಅಣ್ಣ ಅನ್ನುವವನು, ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ ಅನ್ನುವವನು, ಅಳುವವನು, ಬೈಯುವವನು. ಒಬ್ಬನಂತೂ ಕ್ರಿಸ್‌ಮಸ್ಸಿನ ಹಿಂದಿನ ದಿನ ಹನ್ನೊಂದು ಸಲ, ಹನ್ನೊಂದು ದನಿ ಮಾಡಿಕೊಂಡು ಕರೆದಿದ್ದ. ಅದರಲ್ಲಿ ನಾಲ್ಕು ಇಂಗೆಲಾಳ ಪಾಲಿಗೆ ಬಂದವು. ನಾಲ್ಕು ಸಲವೂ ಅವಳು ಹೇಳಿದ್ದು ಒಂದೇ ಮಾತು, ಒಂದೇ ದನಿಯಲ್ಲಿ: "ಆ ಹೆಸರಲ್ಲಿ ನನ್ನ ಹತ್ರ ಯಾವ ಮಾಹಿತೀನೂ ಇಲ್ಲ."

ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಗುಪ್ತ ನಂಬರೂ ಅವಳ ಬಾಯಿಂದ ಜಾರಿರಲಿಲ್ಲ. ಗಂಡ ಬಿಟ್ಟು ಹೋದಾಗ, ಮೊಣಕಾಲು ಕೈಕೊಟ್ಟಾಗ, ಅವಳು ನೆಚ್ಚಿಕೊಂಡಿದ್ದ ಹೆಮ್ಮೆ ಅದೊಂದೇ. ಇರಲಿ ಬಿಡಿ, ಮನುಷ್ಯರಿಗೆ ಒಂದಾದರೂ ಬೇಕಲ್ಲ.

ಆಮೇಲೆ ಜನ ತಮ್ಮ ತಮ್ಮ ಫೋನಿನಲ್ಲೇ ಎಲ್ಲ ಹುಡುಕಿಕೊಳ್ಳುವುದನ್ನು ಕಲಿತರು. ನಲವತ್ತು ಹೆಂಗಸರಿಗೂ ಕೇಕು ತಿನ್ನಿಸಿ, ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಇಂಗೆಲಾಳಿಗೆ ಆಗ ಐವತ್ತಮೂರು. ನಾಲ್ಕು ತಿಂಗಳು ಮನೆಯಲ್ಲಿ ಕೂತು ಗೋಡೆ ನೋಡಿದಳು. ಐದನೇ ತಿಂಗಳಲ್ಲಿ ನದಿಯಾಚೆಯ ಹಿರಿಯ ಶಾಲೆಯಲ್ಲಿ ಕೆಫೆ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಏಳರಿಂದ ಒಂಬತ್ತನೇ ತರಗತಿಯ ಮಕ್ಕಳು. ಹೆಸರಿಗೆ ಬನ್ನು ಮಾರುವ ಕೆಲಸ, ನಿಜವಾದ ಕೆಲಸವೆಂದರೆ ಆ ವಯಸ್ಸಿನವರ ನಡುವೆ ಕಣ್ಣು ಕಿವಿ ತೆರೆದುಕೊಂಡು ಕೂತಿರುವ ಒಬ್ಬ ದೊಡ್ಡವಳಾಗಿರುವುದು.

ಮೊದಲ ಚಳಿಗಾಲದಲ್ಲೇ ಒಂಬತ್ತನೆಯ ಒಂದು ಹುಡುಗಿ ಫ್ರಿಜ್ಜಿನ ಮರೆಯಲ್ಲಿ ನಿಂತು ಅಳುತ್ತಿದ್ದಳು. ಇಂಗೆಲಾ ಏನೂ ಕೇಳದೆ ಒಂದು ಬಿಸಿ ಬನ್ನು ಕೊಟ್ಟಳು. ಅರ್ಧ ಬನ್ನು ತಿಂದ ಮೇಲೆ ಹುಡುಗಿ ಬಾಯಿಬಿಟ್ಟಳು. ಫೋನಿನ ಆಟವೊಂದರಲ್ಲಿ ಪರಿಚಯವಾದವನು ಅವಳ ಫೋಟೋ ಕೇಳುತ್ತಿದ್ದಾನೆ, ಎಂಥಾ ಫೋಟೋ ಎಂದು ಹೇಳಬೇಕಿಲ್ಲ. ಕೊಡದಿದ್ದರೆ ಮನೆಗೇ ಬರುತ್ತೇನೆ ಅನ್ನುತ್ತಾನೆ. ಅಮ್ಮನ ಹೆಸರು, ಹುಟ್ಟಿದ ದಿನ, ಮನೆ ಎಷ್ಟನೇ ಮಹಡಿ, ಎಲ್ಲ ಗೊತ್ತಂತೆ. ನಿನ್ನ ಫೋನಿನೊಳಗೆ ಹೊಕ್ಕಿದ್ದೇನೆ ಅಂದಿದ್ದಾನಂತೆ.

"ಅವನು ಎಲ್ಲೂ ಹೊಕ್ಕಿಲ್ಲ ಮರಿ," ಅಂದಳು ಇಂಗೆಲಾ. "ಇಲ್ಲಿ ನೋಡು." ತನ್ನ ಫೋನು ತೆಗೆದು ಹುಡುಗಿಯ ಅಮ್ಮನ ಹೆಸರು ಬಡಿದಳು. ವಿಳಾಸ, ಮಹಡಿ, ಹುಟ್ಟಿದ ದಿನ ಎಲ್ಲ ಬಂತು. ಶಾಲೆಯ ಮುಖ್ಯಸ್ಥನಾದ ರೆಕ್ಟರನ ಹೆಸರು ಬಡಿದಳು, ಅವನದೂ ಬಂತು, ಅವನ ಹೆಂಡತಿಯದೂ ಬಂತು. ಆ ದೇಶದಲ್ಲಿ ಯಾರ ಮನೆ ಎಲ್ಲಿ, ಯಾರ ಜೊತೆ ಯಾರಿದ್ದಾರೆ, ಎಲ್ಲವೂ ತೆರೆದ ಪುಸ್ತಕ. ಮುಚ್ಚಿಡುವುದೇ ತಪ್ಪೆಂದು ತಲೆತಲಾಂತರದಿಂದ ನಂಬಿಕೊಂಡವರು ಅವರು. ದೊಡ್ಡವರಿಗೆ ಇದು ಹೊಸದಲ್ಲ. ಮಕ್ಕಳಿಗೆ ಹೇಳಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. "ಅವನ ಹತ್ರ ಇರೋದು ಎಲ್ಲರ ಹತ್ರಾನೂ ಇರೋದೇ. ನೀನು ಕಳಿಸಿದ್ರೆ ಮಾತ್ರ ಅವನ ಹತ್ರ ಬೇರೆ ಏನಾದ್ರೂ ಇರುತ್ತೆ," ಅಂದಳು. ಆ ಮಧ್ಯಾಹ್ನವೇ ಹುಡುಗಿಯನ್ನೂ ಅವಳ ಅಮ್ಮನನ್ನೂ ಕರೆದುಕೊಂಡು ಪೊಲೀಸರ ಬಳಿ ಹೋಗಿ ಬಂದಳು.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ಪ್ರತಿ ಸೆಪ್ಟೆಂಬರಿನಲ್ಲಿ ಹೊಸದಾಗಿ ಬಂದ ಏಳನೆಯವರನ್ನು ಕೆಫೆಯಲ್ಲಿ ಕೂರಿಸುವರು. ಯಾರಾದರೂ ಎದ್ದು, ಆಟದಲ್ಲಿ ತಾವಿಟ್ಟುಕೊಂಡ ಕಳ್ಳ ಹೆಸರೊಂದನ್ನು ಹೇಳಬೇಕು. ಇಂಗೆಲಾಳಿಗೆ ಮೂರು ನಿಮಿಷ. ಮೂರು ನಿಮಿಷ ಕಳೆದ ಮೇಲೆ ಅವಳು ಕನ್ನಡಕ ಏರಿಸಿ, "ನಿನ್ನ ನಾಯಿ ಹೆಸರು ಪುಕ್ಕೆ, ಹೋದ ವಾರ ಹಾಕಿ ಆಟದಲ್ಲಿ ಎರಡು ಸಲ ಹೊರಗೆ ಕೂರಿಸಿದ್ರು, ನಿಮ್ಮ ಮನೆ ಬಾಗಿಲು ಹಸಿರು" ಅನ್ನುತ್ತಿದ್ದಳು. ಕಟ್ಟಳೆ ಎಂದರೆ ಒಂದೇ: ಏನಾದರೂ ಎಡವಟ್ಟಾದರೆ ಫೋನು ತಂದು ತೋರಿಸಿ, ಮೊದಲು ಬನ್ನು, ಆಮೇಲೆ ಮಾತು, ಬೈಗುಳ ಇಲ್ಲ. ಪೋಷಕರ ಸಭೆಯಲ್ಲಿ ಒಬ್ಬ ಅಪ್ಪ ಎದ್ದು, "ನಾನಾದ್ರೆ ಫೋನ್ ಕಿತ್ಕೊಂಡು ನದಿಗೆ ಎಸೀತೀನಿ" ಅಂದ. "ಎಸಿ, ಯಾರು ಬೇಡ ಅಂದ್ರು. ಮುಂದಿನ ಸಲ ನಿನಗೆ ಹೇಳಲ್ಲ, ಅಷ್ಟೇ," ಅಂದಳು ಇಂಗೆಲಾ. ಅಪ್ಪ ಕೂತ.

ಹೀಗೆ ಆರು ವರ್ಷ ಕಳೆಯಿತು. ಏಳನೇ ವರ್ಷದ ಆಗಸ್ಟಿನಲ್ಲಿ ರೆಕ್ಟರ್ ಟೊರ್ಕೆಲ್ ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. ಬಾಗಿಲು ಹಾಕುವ ಮನುಷ್ಯನಲ್ಲ ಅವನು.

"ಎಂಟನೇ ಕ್ಲಾಸಿಗೆ ಒಂದು ಹುಡುಗಿ ಬರ್ತಾಳೆ. ತುವಾ ಅಂತ. ಯಾವ ಪಟ್ಟೀಲೂ ಹೆಸರಿರಲ್ಲ, ಯಾವ ಫೋಟೋದಲ್ಲೂ ಇರಬಾರದು. ಅಪ್ಪನ ಕೈಯಿಂದ ತಪ್ಪಿಸಿಕೊಂಡು ಬಂದಿರೋ ತಾಯಿ ಮಗಳು. ಇದು ಮೂರನೇ ಊರು. ನಾನು, ನೀನು, ಕ್ಲಾಸ್ ಟೀಚರ್, ನರ್ಸ್, ಇಷ್ಟೇ ಜನಕ್ಕೆ ಗೊತ್ತಿರೋದು."

"ಹಿಂದಿನ ಊರುಗಳಲ್ಲಿ ಏನಾಯ್ತು?"

"ಒಂದು ಕಡೆ ಈಜು ಸ್ಪರ್ಧೆ ಫಲಿತಾಂಶದಲ್ಲಿ ಹೆಸರು ಬಂತು. ಇನ್ನೊಂದು ಕಡೆ ಯಾರೋ ಅಜ್ಜ ಮೊಮ್ಮಗನ ಫೋಟೋ ತೆಗೆದು ಎಲ್ಲರಿಗೂ ಕಾಣೋ ಹಾಗೆ ಹಾಕಿದ, ಹಿಂದೆ ಇವಳಿದ್ದಳು. ಎರಡನೇ ಸಲ ಹುಡುಗಿಯ ಅಪ್ಪ ಮನೆ ಬಾಗಿಲ ತನಕ ಬಂದಿದ್ದನಂತೆ."

ಇಂಗೆಲಾ ಬಾಯಿ ತೆರೆಯದೆ, ಆ ಸೀಮೆಯವರ ರೂಢಿಯಂತೆ, ಉಸಿರನ್ನು ಸುಯ್ಯೆಂದು ಒಳಗೆಳೆದುಕೊಂಡು ಹೌದೆಂದಳು. ಮನಸ್ಸಿನೊಳಗೆ ಅವಳಿಗೆ ಧೈರ್ಯವೇ ಇತ್ತು. ಈ ಕೆಲಸವನ್ನು ಮೂವತ್ತೊಂದು ವರ್ಷ ಮಾಡಿದವಳು ಊರಲ್ಲಿ ಇನ್ಯಾರಿದ್ದಾರೆ?

ತುವಾ ಸಣ್ಣ ಹುಡುಗಿ, ಕೂತರೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕೂರುವಳು. ಮೂರು ತಿಂಗಳು ಕೆಫೆಯಲ್ಲಿ ಅವಳಾಡಿದ ಮಾತು "ಬೇಡ", "ಥ್ಯಾಂಕ್ಸ್", "ಸಾಕು", ಅಷ್ಟೇ. ಅವಳ ಪಕ್ಕಕ್ಕೆ ಗಂಟುಬಿದ್ದವಳು ಅದೇ ತರಗತಿಯ ಎಲ್ಹಾಮ್. ಎಲ್ಹಾಮಳ ಬಾಯಿಗೆ ಬೀಗವಿಲ್ಲ, ಇಬ್ಬರ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು. ಫೋಟೋ ತೆಗೆಯುವ ಹೊತ್ತಿಗೆ ಮಾತ್ರ ಅವಳು ಹೇಗೋ ಏನೋ ತುವಾಳ ಮುಂದೆ ಬಂದು ನಿಂತಿರುತ್ತಿದ್ದಳು. ಇಂಗೆಲಾ ಅದನ್ನು ಗಮನಿಸಿದ್ದಳು.

ಡಿಸೆಂಬರ್ ಬಂತು. ಲುಸಿಯಾ ಹಬ್ಬದ ಬೆಳಿಗ್ಗೆ ಕೇಸರಿ ಬನ್ನಿಲ್ಲದ ಮನೆ ಅಲ್ಲಿಲ್ಲ. ಹಳದಿ ಹಿಟ್ಟನ್ನು ಹಗ್ಗದಂತೆ ಹೊಸೆದು, ಒಂದು ತುದಿಯನ್ನು ಮೇಲಕ್ಕೆ ಇನ್ನೊಂದನ್ನು ಕೆಳಕ್ಕೆ ಸುರುಳಿ ಸುತ್ತಿ, ಸುರುಳಿಗೊಂದರಂತೆ ಒಣದ್ರಾಕ್ಷಿ ಒತ್ತುವುದು ಎಲ್ಲರ ರೂಢಿ. ಬನ್ನು ಸುಡುವ ಸರದಿ ಎಂಟನೆಯವರದು. ತುವಾ ಮೂಲೆಯ ಮೇಜಿನಲ್ಲಿ ಬೆನ್ನು ತಿರುಗಿಸಿಕೊಂಡು ಏನೋ ಮಾಡುತ್ತಿದ್ದಳು. ಇಂಗೆಲಾ ಹೋಗಿ ನೋಡಿದರೆ, ಹಗ್ಗಕ್ಕೆ ನಡುವೆ ಒಂದು ಗಂಟು, ಗಂಟಿನಿಂದ ಹೊರಗೆ ಇಣುಕುವ ಒಂದು ದಪ್ಪ ತುದಿ, ಅದರ ಬದಿಗೆ ಒಂದೇ ಸಾಲಿನಲ್ಲಿ ಮೂರು ದ್ರಾಕ್ಷಿ.

"ಇದೇನಿದು?"

"ಅಜ್ಜನ ಮೂಗು," ಅಂದಳು ತುವಾ. "ದ್ರಾಕ್ಷಿ ಅಂದ್ರೆ ಮಚ್ಚೆಗಳು. ಅಜ್ಜಿ ಹೀಗೇ ಮಾಡ್ತಿದ್ರು. ಅಜ್ಜಂಗೆ ಸಿಟ್ಟು ಬರೋದು." ಹೇಳುತ್ತಾ ಹೇಳುತ್ತಾ ನಕ್ಕಳು.

ತನ್ನ ಮನೆಯ ಬಗ್ಗೆ ಆ ಹುಡುಗಿ ಆಡಿದ ಮೊದಲ ಮಾತು ಅದು. ಇಂಗೆಲಾಳಿಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿ, ಒಲೆಯ ಕಡೆ ತಿರುಗಿ ನಿಂತಳು. ಆ ಸಂತೋಷದಲ್ಲೇ ಎಡವಿದ್ದು. ಬನ್ನು ಬೆಂದ ಮೇಲೆ ಆ ತಟ್ಟೆಯ ಫೋಟೋ ತೆಗೆದಳು. ಅಂತರ್ಜಾಲದಲ್ಲಿ ಕೆಫೆಗೆ ಒಂದು ಪುಟವಿತ್ತು, ದಿನದ ತಿಂಡಿ ಹಾಕುವ ಪುಟ, ಇನ್ನೂರು ಚಿಲ್ಲರೆ ಜನ ನೋಡುವರು. ಹಾಕುವ ಮೊದಲು ಮೂರು ಸಲ ಪರೀಕ್ಷೆ ಮಾಡಿದಳು: ಮುಖ ಇಲ್ಲ, ಕೈ ಇಲ್ಲ, ತಟ್ಟೆಯ ಹೊಳಪಿನಲ್ಲಿ ಯಾರ ನೆರಳೂ ಇಲ್ಲ, ಹೆಸರಿಲ್ಲ. ಕೆಳಗೆ ಬರೆದಳು: ಇವತ್ತಿನ ವಿಶೇಷ ಅಜ್ಜನ ಮೂಗು, ಎಂಟನೇ ತರಗತಿಯವರ ಕೈಚಳಕ. ಊರಿಗೆಲ್ಲ ಬುದ್ಧಿ ಹೇಳುವವಳಿಗೆ ದೀಪದ ಬುಡದ ಕತ್ತಲೆ ಕಾಣಲಿಲ್ಲ.

ಮೂರನೇ ದಿನ, ಬೆಳಗಿನ ಬಿಡುವಿನಲ್ಲಿ, ಎಲ್ಹಾಮ್ ಒಬ್ಬಳೇ ಬಂದು ಕಟ್ಟೆಯ ಮೇಲೆ ಫೋನಿಟ್ಟಳು.

"ಇಂಗೆಲಾ, ನಿನ್ನ ಬನ್ನು ಊರೂರು ಸುತ್ತುತಾ ಇದೆ."

"ಅಷ್ಟು ಚೆನ್ನಾಗಿದೆಯಾ?"

"ಮೊದಲು ಬನ್ನು, ಆಮೇಲೆ ಮಾತು ಅಂತ ನೀನೇ ಹೇಳೋದು. ಆದ್ರೆ ಇವತ್ತು ಬನ್ನು ಬೇಡ. ಓದು."

ಬನ್ನು ಸುಡುವವರ ಒಂದು ಗುಂಪು, ದೇಶದ ತುಂಬ ನಲವತ್ತು ಸಾವಿರ ಜನ. ಅಲ್ಲಿ ಯಾರೋ ಇಂಗೆಲಾಳ ಫೋಟೋ ಎತ್ತಿ ಹಾಕಿ, ನಿಮ್ಮ ಮನೆಯಲ್ಲಿ ಯಾವ ಆಕಾರ ಮಾಡುತ್ತೀರಿ ಎಂದು ಕೇಳಿದ್ದರು. ಶಾಲೆಯ ಹೆಸರು ಫೋಟೋದ ತಲೆಯ ಮೇಲೇ ಇತ್ತು. ಕೆಳಗೆ ಮುನ್ನೂರು ಜನರ ಮಾತು. ಅದರಲ್ಲೊಂದು ಬೊದಿಲ್ ಎಂಬ ಮುದುಕಿಯದು: "ಈ ಆಕಾರ ಹುಟ್ಟಿದ್ದು ನನ್ನ ಅಡುಗೆಮನೆಯಲ್ಲಿ. ಅದು ನಮ್ಮ ಯಜಮಾನರ ಮೂಗು. ನಮ್ಮ ಮನೆಯವರನ್ನು ಬಿಟ್ಟು ಇದನ್ನು ಯಾರೂ ಮಾಡುವುದಿಲ್ಲ. ಮಾಡಿದ ಮಗು ಯಾರು, ದಯವಿಟ್ಟು ಹೇಳಿ."

ಇಂಗೆಲಾ ಅದನ್ನು ಎರಡು ಸಲ ಓದಿದಳು. ಹಿಟ್ಟಿನ ಚೀಲದ ಮೇಲೆ ಕೂತಳು.

"ತುವಾ ಫೋಟೋದಲ್ಲಿ ಯಾಕಿರಲ್ಲ ಅಂತ ನಾನು ಅವಳನ್ನ ಕೇಳಿಲ್ಲ. ಕೇಳೋದೂ ಇಲ್ಲ," ಅಂದಳು ಎಲ್ಹಾಮ್, ದನಿ ಇಳಿಸಿ. "ಆದ್ರೆ ಆ ಬನ್ನು ಮಾಡಿದ್ದು ಅವಳು. ನನಗೆ ಗೊತ್ತು, ನಿನಗೂ ಗೊತ್ತು."

ಇಂಗೆಲಾ ತನ್ನ ಪುಟದಿಂದ ಫೋಟೋ ಅಳಿಸಿದಳು. ಅಳಿಸಿದ್ದು ಅವಳದೊಂದೇ; ಉಳಿದವು ಉಳಿದೇ ಇದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನೇ ಆರು ವರ್ಷದಿಂದ ಮಕ್ಕಳಿಗೆ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡವಳು ಅವಳು. ಏಪ್ರನ್ನೂ ಬಿಚ್ಚದೆ ನೇರ ರೆಕ್ಟರನ ಕೋಣೆಗೆ ಹೋಗಿ, "ತಪ್ಪು ನನ್ನದು, ಬೇರೆ ಯಾರದೂ ಅಲ್ಲ," ಎಂದು ಎಲ್ಲ ಹೇಳಿದಳು.

ಟೊರ್ಕೆಲ್ ಹಣೆ ಒತ್ತಿಕೊಂಡ. "ತಾಯಿಗೆ ಫೋನ್ ಮಾಡ್ತೀನಿ. ಪೊಲೀಸ್ರಿಗೂ. ಆದ್ರೆ ಇಂಗೆಲಾ, ಒಂದು ಮುದುಕಿ, ಒಂದು ಬನ್ನು. ಅಜ್ಜಿ ತಾನೇ. ಮೊಮ್ಮಗಳ ನೆನಪಾಗಿ ಬರೆದಿರಬಹುದು, ಅಷ್ಟೇ ಇರಬಹುದು."

ಅಷ್ಟೇ ಇರಲಿ ಎಂದು ಇಂಗೆಲಾಳೂ ಬೇಡಿಕೊಂಡಳು. ಹುಡುಗಿ ಈಗಷ್ಟೇ ಮೊದಲ ಸಲ ನಕ್ಕಿದ್ದಳು. ಗೋಡೆಗೆ ಬೆನ್ನು ಕೊಡದೆ ಕೂರುವುದನ್ನು ಈಗಷ್ಟೇ ಕಲಿಯುತ್ತಿದ್ದಳು. ಒಂದು ತಟ್ಟೆ ಬನ್ನಿನ ದೆಸೆಯಿಂದ ಮತ್ತೊಂದು ಊರೇ?

ಕೆಫೆಗೆ ವಾಪಸು ಬಂದು ಹತ್ತು ನಿಮಿಷವಾಗಿರಲಿಲ್ಲ, ಗೋಡೆಯ ಫೋನು ಬಡಿಯಿತು. ಅದರ ನಂಬರೂ ಆ ಪುಟದಲ್ಲೇ ಇತ್ತು, ಇಂಗೆಲಾಳೇ ಹಾಕಿದ್ದು.

"ಶಾಲೆ ಕೆಫೆನಾ? ನಾನು ಬೊದಿಲ್ ಅಂತ. ಆ ಬನ್ನಿನ ವಿಷಯ ಕೇಳೋಣ ಅಂತ." ಒಳ್ಳೆಯ ದನಿ, ಹಿಟ್ಟು ನಾದಿದ ಕೈಯ ಹೆಂಗಸಿನ ದನಿ.

"ಓ, ಅದಾ," ಅಂದಳು ಇಂಗೆಲಾ ಹಗುರವಾಗಿ. "ಅದು ನಾನೇ ಮಾಡಿದ್ದು. ಯಾವುದೋ ಹಳೇ ವಾರಪತ್ರಿಕೇಲಿ ನೋಡಿದ್ದೆ."

"ಮೂರು ದ್ರಾಕ್ಷಿ ಒಂದೇ ಸಾಲಲ್ಲಿ ಯಾವ ಪತ್ರಿಕೇಲೂ ಬಂದಿಲ್ಲ ತಾಯಿ. ಅವು ನನ್ನ ಗಂಡನ ಮಚ್ಚೆಗಳು. ನಂಗೊಬ್ಬ ಮೊಮ್ಮಗಳಿದ್ದಾಳೆ. ಈಗ ಹದಿನಾಲ್ಕು. ಅವಳು ಆರಾಮಾಗಿದ್ದಾಳಾ, ಅಷ್ಟು ಹೇಳಿದ್ರೆ ಸಾಕು. ಬೇರೇನೂ ಕೇಳಲ್ಲ."

ಇಂಗೆಲಾಳ ನಾಲಿಗೆ ತುದಿಗೆ ಒಂದು ಮಾತು ಬಂದಿತ್ತು. ಆರಾಮಾಗಿದ್ದಾಳೆ ಅಂದುಬಿಡಬೇಕು ಅನ್ನಿಸಿತ್ತು. ಆದರೆ ಮೂವತ್ತೊಂದು ವರ್ಷ ಕಿವಿಗೆ ಯಂತ್ರ ಸಿಕ್ಕಿಸಿಕೊಂಡವಳು. ತಂತಿಯಾಚೆ ಒಂದು ಉಸಿರಿದೆಯೋ ಎರಡಿದೆಯೋ ಅವಳಿಗೆ ತಿಳಿಯುತ್ತದೆ. ಎರಡಿತ್ತು. ಮುದುಕಿಯ ಹಿಂದೆ, ತೀರಾ ಹತ್ತಿರದಲ್ಲಿ, ಒಬ್ಬ ಗಂಡಸು ಮೆಲ್ಲಗೆ ಅಂದ: "ಯಾವ ಕ್ಲಾಸು ಅಂತ ಕೇಳಮ್ಮ."

"ಯಾವ ಕ್ಲಾಸು..." ಎಂದು ಮುದುಕಿ ತೊಡಗಿದಳು. ಅಷ್ಟರಲ್ಲಿ ಅವಳಿಗೆ ಅಳು ಬಂತು.

"ಆ ಹೆಸರಲ್ಲಿ ನನ್ನ ಹತ್ರ ಯಾವ ಮಾಹಿತೀನೂ ಇಲ್ಲ," ಅಂದಳು ಇಂಗೆಲಾ, ಹಳೆಯ ದನಿಯಲ್ಲಿ, ಮತ್ತು ಫೋನಿಟ್ಟಳು. ಆಮೇಲೆ ಹೊಳೆಯಿತು: ಮುದುಕಿ ಯಾವ ಹೆಸರನ್ನೂ ಹೇಳಿರಲೇ ಇಲ್ಲ. ಮುಚ್ಚಿಡಬೇಕಾದ ಹೆಸರೊಂದು ಇದೆಯೆಂದು ತಾನೇ ಒಪ್ಪಿಕೊಂಡಂತಾಗಿತ್ತು. ಮುದುಕಿಯನ್ನು ಅಮ್ಮ ಎಂದು ಕರೆದವನು ತುವಾಳ ಅಪ್ಪನೇ; ಇನ್ನು ಅದು ಬರೀ ಅಜ್ಜಿಯ ಬನ್ನಾಗಿ ಉಳಿದಿರಲಿಲ್ಲ.

ತುವಾಳ ತಾಯಿ ಮಧ್ಯಾಹ್ನ ಬಂದಳು. ಮಲಿನ್ ಎಂದು ಹೆಸರು, ಕೆಲಸದ ಬೂಟಿನಲ್ಲೇ ಇದ್ದಳು. ಪೊಲೀಸರೂ ಇದ್ದರು. ಇಂಗೆಲಾ ಮೊದಲಿಂದ ಕೊನೆಯವರೆಗೆ ಬಚ್ಚಿಡದೆ ಹೇಳಿದಳು, ಆ ಗಂಡಸಿನ ಮಾತನ್ನೂ, ತನ್ನ ಬಾಯಿ ತಪ್ಪಿದ್ದನ್ನೂ. ಹೇಳಿ ಬೈಗುಳಕ್ಕಾಗಿ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಲಿನ್ ಬೈಯಲಿಲ್ಲ. "ಎರಡು ಪೆಟ್ಟಿಗೆ ಇನ್ನೂ ಬಿಚ್ಚೇ ಇಲ್ಲ. ಅಷ್ಟರಮಟ್ಟಿಗೆ ಕೆಲಸ ಕಮ್ಮಿ," ಅಂದಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಅವಳು ನಿಮ್ಮ ಹತ್ರ ಅಜ್ಜಿ ಸುದ್ದಿ ಹೇಳಿದ್ಲಾ? ನನ್ನ ಹತ್ರ ನಾಲ್ಕು ವರ್ಷದಿಂದ ಹೇಳಿಲ್ಲ."

ಸಂಜೆಯೊಳಗೆ ಹೊರಡಬೇಕೆಂದಾಯಿತು. ತಾಯಿ ಸಾಮಾನು ಕಟ್ಟುವಷ್ಟು ಹೊತ್ತು ಎಲ್ಲಿರುತ್ತೀಯೆಂದು ಕೇಳಿದ್ದಕ್ಕೆ ತುವಾ ಕೆಫೆಯಲ್ಲಿ ಎಂದಳು. ಬಾಗಿಲಾಚೆ ಒಬ್ಬ ಪೊಲೀಸು ಮಫ್ತಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

"ನನ್ನ ಕ್ಷಮಿಸು ಅಂತ ಕೇಳೋಕೂ ಮುಖ ಇಲ್ಲ ನಂಗೆ," ಅಂದಳು ಇಂಗೆಲಾ.

"ನಾನೇ ಅದರ ಹೆಸರು ಹೇಳಬಾರದಿತ್ತು."

ಇಂಗೆಲಾಳಿಗೆ ಸಿಟ್ಟು ನೆತ್ತಿಗೇರಿತು. "ಅದೊಂದು ಮಾತ್ರ ಹೇಳಬೇಡ. ಅಜ್ಜಿ ಬನ್ನಿನ ಹೆಸರು ಹೇಳೋದು ಮಕ್ಕಳ ತಪ್ಪಲ್ಲ. ಕೇಳಿಸಿಕೊಂಡವಳು ಬಾಯಿ ಮುಚ್ಚಿಕೊಂಡಿರಬೇಕಿತ್ತು. ತಪ್ಪು ನಂದು. ಎಲ್ಲೇ ಹೋಗು, ಇದನ್ನ ನೆನಪಿಟ್ಟುಕೋ."

ತುವಾ ಕೈ ತೊಳೆದುಕೊಂಡು ಬಂದಳು. ಬಟ್ಟಲಲ್ಲಿ ಹಿಟ್ಟು ಉಬ್ಬಿ ಕೂತಿತ್ತು. ಒಂದು ಮುದ್ದೆ ಮುರಿದುಕೊಂಡು ಹೊಸೆದಳು, ಗಂಟು ಹಾಕಲು ಹೋಗಿ, ನಿಲ್ಲಿಸಿದಳು.

"ಎಲ್ಲರೂ ಮಾಡೋ ಥರದ್ದು ಹೇಗೆ ಮಾಡೋದು? ನಂಗೆ ಬರಲ್ಲ. ಹೇಳಿಕೊಡು."

ಇಂಗೆಲಾ ಹೇಳಿಕೊಟ್ಟಳು. ಒಂದು ತುದಿ ಮೇಲಕ್ಕೆ, ಒಂದು ಕೆಳಕ್ಕೆ, ಸುರುಳಿಗೊಂದು ದ್ರಾಕ್ಷಿ. ಮೊದಲಿನ ಎರಡು ವಕ್ರವಾದವು. ಮೂರನೆಯದು ಅಂಗಡಿಯಲ್ಲಿ ಸಿಗುವ ಬನ್ನಿನಂತೆಯೇ ಬಂತು, ಯಾರ ಮನೆಯದೆಂದು ಯಾರೂ ಹೇಳಲಾರದಂತೆ. ಇಂಗೆಲಾ ಅಳುತ್ತಿದ್ದಳು, ಮುಚ್ಚಿಕೊಳ್ಳಲೂ ಇಲ್ಲ.

ಕೊನೆಯ ತಟ್ಟೆ ಒಲೆಯಿಂದ ಇಳಿಯುವ ಹೊತ್ತಿಗೆ ಎಲ್ಹಾಮ್ ಬಂದಳು. ಪೊಲೀಸನನ್ನು ನೋಡಿದಳು, ತುವಾಳ ಬೆನ್ನಿನ ಚೀಲ ನೋಡಿದಳು, ಏನೂ ಕೇಳಲಿಲ್ಲ. ಕೂತು ಒಂದಾದ ಮೇಲೊಂದು ಮೂರು ಬನ್ನು ತಿಂದಳು.

"ನೀನು ಮಾಡಿದ್ದಾ?"

"ಹೂಂ."

"ಸುಮಾರಾಗಿದೆ."

ತುವಾ ನಕ್ಕಳು. ನಾಲ್ಕೂವರೆಗೆ ಕಾರು ಬಂತು. ಎಲ್ಹಾಮ್ ಕಿಟಕಿಯ ಕಡೆ ತಿರುಗಿಯೂ ನೋಡದೆ, ಕಾರು ಹೋದ ಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದಳು. ಇಂಗೆಲಾ ಅವಳ ಪಕ್ಕ ಹೋಗಿ ಕೂತಳು.

ಕೆಲಸ ಬಿಡುತ್ತೇನೆಂದು ಇಂಗೆಲಾ ಬರೆದುಕೊಟ್ಟ ಕಾಗದವನ್ನು ಟೊರ್ಕೆಲ್ ತೆಗೆದುಕೊಳ್ಳಲಿಲ್ಲ. "ನೀನು ಹೋದ್ರೆ ಮಕ್ಕಳು ಫೋನು ಯಾರಿಗೆ ತೋರಿಸ್ತಾರೆ, ನಂಗಾ?" ಅಂದ. ಅದೂ ನಿಜವೇ. ಕೆಫೆಯ ಪುಟವನ್ನು ಮುಚ್ಚಿಸಿದಳು, ದಿನದ ತಿಂಡಿಯನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದಳು.

ಮುಂದಿನ ಸೆಪ್ಟೆಂಬರಿನಲ್ಲಿ ಹೊಸ ಏಳನೆಯವರು ಬಂದು ಕೂತರು. ಇಂಗೆಲಾ ಈಗ ಮೂರು ನಿಮಿಷದ ಆಟದಿಂದ ಶುರುಮಾಡುವುದಿಲ್ಲ. ತನ್ನ ತಪ್ಪಿನಿಂದ ಶುರುಮಾಡುತ್ತಾಳೆ. ಊರು ಹೇಳುವುದಿಲ್ಲ, ತಿಂಡಿ ಯಾವುದೆಂದು ಹೇಳುವುದಿಲ್ಲ. ಮುಖವಿಲ್ಲದ, ಹೆಸರಿಲ್ಲದ ಒಂದು ಫೋಟೋ, ಅದನ್ನು ಹಾಕಿದ ಒಬ್ಬ ದೊಡ್ಡವಳು, ಆಮೇಲೆ ಖಾಲಿಯಾದ ಒಂದು ಕುರ್ಚಿ, ಇಷ್ಟೇ ಹೇಳುತ್ತಾಳೆ. "ಹಾಕೋಕೆ ಮುಂಚೆ ನಾನು ಮೂರು ಸಲ ನೋಡಿದ್ದೆ. ನನ್ನ ಕಣ್ಣಲ್ಲಿ ನೋಡಿದ್ದೆ. ಹುಡುಕ್ತಾ ಇರೋನ ಕಣ್ಣಲ್ಲಿ ನೋಡಿರಲಿಲ್ಲ," ಅನ್ನುತ್ತಾಳೆ.

ಮುಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. "ಆ ಹುಡುಗಿ ಈಗ ಎಲ್ಲಿದ್ದಾಳೆ?"

"ನನ್ನ ಹತ್ರ ಯಾವ ಮಾಹಿತೀನೂ ಇಲ್ಲ," ಅಂದಳು ಇಂಗೆಲಾ.

ಬಾಯಿಪಾಠವಾಗಿದ್ದ ಹಳೆಯ ಮಾತು. ಈ ಸಲ ಅದು ನಿಜವಾಗಿತ್ತು.